ದೀಪವಾರಿದ ಮನೆಯಲ್ಲಿ ಕ್ರಿಸ್ಮಸ್ ರಜೆ

ಚಳಿಗಾಲದ ರಜೆಯನ್ನು ಸ್ವಂತ ಮನೆಯಲ್ಲಿ ಕಳೆಯುವುದಕ್ಕಿಂತ ಮಿಗಿಲಾದ ಸುಖವಿಲ್ಲವೆನ್ನುವವರು ಬಹು ಮಂದಿ. ನಾವೂ ಅವರಲ್ಲಿ ಸೇರಿದವರೇ. ಆದರೆ ಆ ರಜೆಯ ನಡುವೆ ವಿದ್ಯುಚ್ಛಕ್ತಿಯು ನಿಂತುಹೋಗಿ, ನಾಲ್ಕಾರು ದಿನಗಳಾದರೂ ಬಾರದಿದ್ದರೆ, ಮನೆಬಿಡದೆ ಕುಳಿತಿರುವುದು ವಿವೇಕವೇ ಎಂಬ ವಿಷಯದಲ್ಲಿ ನಮಗೊಂದು ಅಭಿಪ್ರಾಯವುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕಡಲಾಚೆಯ ಶೀತದೇಶಗಳಲ್ಲಿ ಸಂಸಾರ ಹೂಡಿದವರೂ, ಮಗಳ ಬಾಣಂತನಕ್ಕೆಂದು ಅಲ್ಲಿಗೆ ಪ್ರಯಾಣ ಮಾಡುವ ತಾಯಂದಿರೂ ಇರುವುದರಿಂದ, ಅದನ್ನು ಈ ಪುಟಗಳಲ್ಲಿ ಹೇಳುವುದು ಅನುಚಿತವಾಗಲಾರದು.

2013ನೆಯ ಇಸವಿಯಲ್ಲಿ, ಕ್ರಿಸ್ಮಸ್ ಹಬ್ಬಕ್ಕೆ ಇನ್ನು ನಾಲ್ಕು ದಿನಗಳಿವೆಯೆನ್ನುವಾಗ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಸುರಿದ ಮಳೆಯು ಮರಕ್ಕೂ ತಂತಿಗೂ ತಾಗಿದೊಡನೆಯೇ ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿತು. ಭಾರ ತಾಳಲಾರದೆ ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ಆ ನಗರವೊಂದರಲ್ಲಿಯೇ ಸುಮಾರು 3,00,000 ಗ್ರಾಹಕರಿಗೆ ವಿದ್ಯುತ್ತು ತಪ್ಪಿತು; ಹಬ್ಬದ ಬೆಳಗಿನಲ್ಲಿಯೂ ಹತ್ತಾರು ಸಾವಿರ ಮನೆಗಳು ಕತ್ತಲೆಯಲ್ಲಿದ್ದವು. ಅದಕ್ಕೂ ಮುಂಚೆ, 1998ರ ಜನವರಿಯಲ್ಲಿ, ಅದೇ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಇಂತಹುದೇ ಮಳೆಯು ದಿನಗಟ್ಟಲೆ ಸುರಿದು, ಉಕ್ಕಿನ ಗೋಪುರಗಳು ಸಹ ಕುಸಿದು, 30 ಲಕ್ಷಕ್ಕೂ ಮಿಕ್ಕ ಜನರು ವಿದ್ಯುತ್ತಿಲ್ಲದೆ ಉಳಿದರು. ಕೆಲವು ಊರುಗಳಿಗೆ ಅದು ಪೂರ್ತಿಯಾಗಿ ಹಿಂದಿರುಗಲು ಸುಮಾರು ಒಂದು ತಿಂಗಳೇ ಹಿಡಿಯಿತು. ಮಕ್ಕಳ ರಜೆಯು ತಾನಾಗಿಯೇ ಲಂಬಿಸಿತು; ಆದರೆ ಯಾರಿಗೂ ಅದು ಬೇಕಾಗಿರಲಿಲ್ಲ.

ನಮ್ಮ ಕಡೆಯಲ್ಲಿ ದೀಪವಾರಿದರೆ ದೀಪ ಮಾತ್ರವೇ ಆರುತ್ತದೆ. ಅಲ್ಲಿ ಹಾಗಲ್ಲ. ಕ್ವಿಬೆಕ್ಕಿನ ಬಹುಪಾಲು ಮನೆಗಳು ಬೆಚ್ಚಗಿರುವುದೇ ವಿದ್ಯುತ್ತಿನಿಂದ. ಟೊರಾಂಟೊದಲ್ಲಿ ಗ್ಯಾಸ್ ಉರಿಸಿ ಮನೆಗಳನ್ನು ಕಾಯಿಸುವರಾದರೂ, ಬಿಸಿಗಾಳಿಯನ್ನು ಕೋಣೆಗಳಿಗೆ ಊದುವ ಬೀಸಣಿಗೆಗೆ ವಿದ್ಯುತ್ತು ಬೇಕು. ಅದು ನಿಂತರೆ ಗ್ಯಾಸ್ ಇದ್ದೂ ಇಲ್ಲದಂತೆ. ಹತ್ತಿಪ್ಪತ್ತು ಅಂತಸ್ತಿನ ಕಟ್ಟಡಗಳಲ್ಲಿ ಲಿಫ್ಟ್ ನಿಲ್ಲುವುದು, ಮೇಲಕ್ಕೆ ನೀರೆತ್ತುವ ಪಂಪು ನಿಲ್ಲುವುದು. ಮೆಟ್ಟಿಲಿಳಿಯಲಾರದ ವೃದ್ಧರಿಗೆ ಆ ಮನೆಯು ಸೆರೆಮನೆಯೇ ಸರಿ.

ಇಂತಹ ದಿನಗಳನ್ನು ಹೊಗಳಿ ಬರೆಯುವವರಿದ್ದಾರೆ. ಮೇಣದ ಬತ್ತಿಯ ಸುತ್ತ ಮನೆಯವರೆಲ್ಲರೂ ಕೂಡಿದರು, ಕಥೆ ಹೇಳಿಕೊಂಡರು, ಹಾಡಿದರು ಎನ್ನುವರು. ಮೊದಲನೆಯ ಸಂಜೆಗೆ ಇದು ನಿಜವಿದ್ದೀತು. ನಾಲ್ಕನೆಯ ಸಂಜೆ, ಗೋಡೆಗಳೇ ತಣ್ಣಗಾಗಿ, ಕೂಸಿನ ಕೈಕಾಲು ಸೆಟೆಯುತ್ತಿರುವಾಗ, ಹಾಡುವ ಮನಸ್ಸು ಯಾರಿಗಿದ್ದೀತು? ಆ ಸಂಜೆಯೇ ತಾಯಿಯಾದವಳಿಗೆ ಬೆಂಕಿಯ ನೆನಪಾಗುತ್ತದೆ. ನಮ್ಮ ಕಳವಳವಿರುವುದು ಇಲ್ಲಿಯೇ.

ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಮಗುವಿನ ತಲೆಗೆ ಹೊಗೆ ಹಿಡಿಯುವುದು ನಮ್ಮ ಅಜ್ಜಿಯರಿಂದ ಬಂದ ಪದ್ಧತಿ. ಹಂಚಿನ ಮನೆಯ ಸಂದುಗಳೂ ಗವಾಕ್ಷಿಯೂ ಅವರಿಗೆ ತಿಳಿಯದೆಯೇ ಅವರನ್ನು ಕಾಪಾಡುತ್ತಿದ್ದವು. ಅಲ್ಲಿಯ ಮನೆಗಳಾದರೋ ಚಳಿ ನುಸುಳದಂತೆ ಬಿಗಿಯಾಗಿ ಮುಚ್ಚಲ್ಪಟ್ಟಿರುತ್ತವೆ. ಅಂತಹ ಕೋಣೆಯೊಳಗೆ ಇದ್ದಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಿಲ್ಲದಿದ್ದರೆ ಅಪಾಯವಿಲ್ಲವೆಂದು ನಮ್ಮಲ್ಲಿ ಅನೇಕರು ನಂಬಿರುವರು; ವಾಸ್ತವದಲ್ಲಿ ಹೊಗೆಯಾಡದೆ ನಿಗಿನಿಗಿಸುವ ಕೆಂಡವೇ ಹೆಚ್ಚು ಮೋಸದ್ದು. ರಕ್ತವು ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಮಿಗಿಲಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಅನಂತರ ಓಕರಿಕೆ, ಜೊಂಪು. ಚಳಿಯ ಆಯಾಸವೆಂದುಕೊಂಡು ಮಲಗಿದವರು ಏಳುವುದಿಲ್ಲ. ಮೇಲೆ ಹೇಳಿದ ಎರಡು ವಿಪತ್ತುಗಳಲ್ಲಿಯೂ ಜನರು ಹೀಗೆ ಸತ್ತುದುಂಟು. ಉತ್ತರ ಭಾರತದಲ್ಲಿಯೂ ಚಳಿಗಾಲ ಬಂದಿತೆಂದರೆ ಇಂತಹ ಸಾವಿನ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ.

ಆದುದರಿಂದ ಇದ್ದಲಿನ ಒಲೆಯನ್ನಾಗಲಿ, ಪೆಟ್ರೋಲಿನ ಜನರೇಟರನ್ನಾಗಲಿ ಮನೆಯೊಳಗಿಡಲಾಗದು. ಮನೆಗೆ ಅಂಟಿಕೊಂಡಿರುವ ಕಾರಿನ ಕೊಟ್ಟಿಗೆಯಲ್ಲಿಯೂ ಇಡಲಾಗದು. ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿದ್ದೇವೆಂಬ ಸಮಾಧಾನವೂ ಸಲ್ಲದು. ಒಂಟಾರಿಯೊ ಪ್ರಾಂತದಲ್ಲಿ 2014ರಿಂದ, ಗ್ಯಾಸ್ ಮುಂತಾದುವನ್ನು ಉರಿಸುವ ಮನೆಗಳಲ್ಲಿ, ಈ ಅನಿಲವನ್ನು ಕಂಡುಹಿಡಿದು ಕೂಗುವ ಯಂತ್ರವಿರಬೇಕೆಂದು ಕಾನೂನಾಗಿದೆ. ಮಗಳ ಮನೆಗೆ ಹೋದ ತಾಯಿಯು ಉಪ್ಪಿನಕಾಯಿಯ ಜಾಡಿಯನ್ನು ಬಿಚ್ಚುವುದಕ್ಕೆ ಮುಂಚೆ, ಆ ಯಂತ್ರವೆಲ್ಲಿದೆ, ವಿದ್ಯುತ್ತು ಹೋದರೂ ನಡೆಯುವ ಬ್ಯಾಟರಿ ಅದರಲ್ಲಿದೆಯೇ ಎಂದು ಕೇಳಲಿ. ಮಗಳು ನಕ್ಕರೆ ನಗಲಿ.

ಹಾಗಾದರೆ ಚಳಿಗೆ ಮಾಡುವುದೇನು? ಮನೆ ಬಿಟ್ಟು ಹೊರಡುವುದು. ಟೊರಾಂಟೊದಲ್ಲಿ ಆ ದಿನಗಳಲ್ಲಿ ನಗರದವರು ಬೆಚ್ಚನೆಯ ತಂಗುದಾಣಗಳನ್ನು ತೆರೆದಿದ್ದರು. ಹಬ್ಬದ ದಿನ ಪರರ ಚಾವಡಿಯಲ್ಲಿ ಚಾಪೆ ಹಾಸುವುದೇ ಎಂಬ ಅಭಿಮಾನವು ನಮ್ಮವರಲ್ಲಿ ಬಲವಾದುದು, ಮರ್ಯಾದಸ್ಥರೆನಿಸಿಕೊಂಡವರಲ್ಲಂತೂ ಮತ್ತಷ್ಟು. ಕೂಸೂ ಬಾಣಂತಿಯೂ ಇರುವ ಮನೆಗೆ ಅಂತಹ ಅಭಿಮಾನವು ತರವಲ್ಲವೆಂದೇ ನಮ್ಮ ಮತ. ಹೊರಡುವಾಗ ನೀರಿನ ಕೊಳಾಯಿಗಳನ್ನು ಬರಿದುಮಾಡಿ ಹೋದರೆ, ನೀರು ಹೆಪ್ಪುಗಟ್ಟಿ ಅವು ಒಡೆಯುವುದು ತಪ್ಪುತ್ತದೆ. ಪಕ್ಕದ ಮನೆಯ ಮುದುಕಿಯ ಬಾಗಿಲನ್ನೂ ತಟ್ಟಿ, ಆಕೆಯನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ನಮ್ಮ ಹೆಣ್ಣುಮಕ್ಕಳ ಶಾಲೆಗಳಲ್ಲಿ ಗೃಹವಿಜ್ಞಾನವನ್ನು ಕಲಿಸುವಾಗ ಸಾರಿನ ಪುಡಿಯ ಅಳತೆಯನ್ನೂ ಹೊಲಿಗೆಯ ಗಂಟನ್ನೂ ಶ್ರದ್ಧೆಯಿಂದ ಹೇಳಿಕೊಡುವರು. ಮುಚ್ಚಿದ ಕೋಣೆಯ ಕೆಂಡವು ಏನು ಮಾಡುವುದೆಂಬುದನ್ನೂ ಹೇಳಿಕೊಡಬೇಕೆಂದು ಉಪಾಧ್ಯಾಯಿನಿಯರನ್ನು ಬೇಡುತ್ತೇವೆ. ಒಲೆ ಹೊತ್ತಿಸುವ ಪಾಠದ ದಿನವೇ ಅರ್ಧ ಗಂಟೆಯನ್ನು ಇದಕ್ಕೆ ತೆಗೆದಿಟ್ಟರೆ ಸಾಕು.