ಸರ್ವರ್ ಕೆಟ್ಟರೆ ದಂಡ ಯಾರಿಗೆ?

“ಸರ್ವರ್ ಇಲ್ಲ, ನಾಳೆ ಬನ್ನಿ.” ಈ ನಾಲ್ಕು ಮಾತನ್ನು ಕೇಳದ ಗಿರಣಿ ಕಾರ್ಮಿಕನಾಗಲಿ, ಕಿರಾಣಿ ಅಂಗಡಿಯವನಾಗಲಿ ನಮ್ಮ ಜಿಲ್ಲೆಯಲ್ಲಿ ಇರಲಾರ. ಮಲ್ಲಿಪಟ್ಟಣದ ಕಡೆ ಪಕ್ಷದ ಕೆಲಸಕ್ಕೆಂದು ತಿರುಗುತ್ತಿದ್ದಾಗ, ಒಂದು ಸೇವಾ ಕೇಂದ್ರದ ಜಗಲಿಯ ಮೇಲೆ ಹಾಸನದ ಬಟ್ಟೆ ಗಿರಣಿಗೆ ಹೋಗುವ ತಾಯಿಯೊಬ್ಬರು ಕುಳಿತಿದ್ದುದನ್ನು ಕಂಡೆ. ಮಗನ ವಿದ್ಯಾರ್ಥಿವೇತನಕ್ಕೆ ಆದಾಯದ ಸರ್ಟಿಫಿಕೇಟು ಬೇಕಾಗಿತ್ತು. ಪಾಳಿ ತಪ್ಪಿಸಿ ಬಂದದ್ದು ಅದು ಮೂರನೆಯ ಸಲ. “ಮೂರು ದಿನದ ಕೂಲಿ ಹೋಯ್ತು ಮೇಷ್ಟ್ರೇ. ಈ ಸರ್ವರ್ ಅನ್ನೋದು ಯಾವ ದ್ಯಾವ್ರು, ಹರಕೆ ಹೊತ್ರೆ ಬತ್ತದಾ?” ಎಂದರು. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಇದು ನಕ್ಕು ಬಿಡುವ ಮಾತಲ್ಲ. ಸರ್ವರ್ ಕೆಡುವುದು ಮಳೆ ತಪ್ಪಿದಂತೆ ಒಂದು ವಿಧಿಯೆಂದು ಜನರನ್ನು ನಂಬಿಸಲಾಗಿದೆ. ಅದು ವಿಧಿಯಲ್ಲ, ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟುದರ ಫಲ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿದವರು ಬೇಸಿಗೆಯ ಹೊಳೆಯನ್ನು ನೋಡಿ ಗೇಟಿನ ಅಳತೆ ಇಡಲಿಲ್ಲ. ಆಷಾಢದಲ್ಲಿ ಮಲೆನಾಡಿನ ಮಳೆಯೆಲ್ಲ ಒಟ್ಟಿಗೆ ಇಳಿದು ಬಂದರೆ ಗತಿಯೇನೆಂದು ಲೆಕ್ಕ ಹಾಕಿ ಇಟ್ಟರು. ಜಾಲತಾಣ ಕಟ್ಟುವುದಕ್ಕೂ ಇಂಥದೇ ಇಂಜಿನಿಯರಿಂಗ್ ಶಿಸ್ತು ಉಂಟು. 1998ರಲ್ಲೇ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ತಜ್ಞರು ಸೇರಿ ಈ ವಿಷಯವಾಗಿಯೇ ಚರ್ಚಿಸಿದರು. ಬಳಸುವವರ ಕಷ್ಟಸುಖವನ್ನು ಕಟ್ಟುವ ಮೊದಲೇ ಕೇಳಬೇಕು. ಒಂದೇ ಗಳಿಗೆಯಲ್ಲಿ ಎಷ್ಟು ಜನ ಬಾಗಿಲು ತಟ್ಟುವರೆಂದು ಎಣಿಸಿ, ಅಷ್ಟು ಸುಳ್ಳು ಗಿರಾಕಿಗಳನ್ನು ಯಂತ್ರದಿಂದಲೇ ನುಗ್ಗಿಸಿ, ತಡೆದೀತೋ ಇಲ್ಲವೋ ನೋಡಬೇಕು. ಮೊದಲು ಒಂದು ಕಡೆ ನಡೆಸಿ ನೋಡಿ ಆಮೇಲೆ ಎಲ್ಲರಿಗೂ ತೆರೆಯಬೇಕು. ಹೊಸದು ಕೈಕೊಟ್ಟರೆ ಹಳೆಯದಕ್ಕೆ ಹಿಂದಿರುಗುವ ದಾರಿ ಇರಬೇಕು. ನಾನು ಮೇಷ್ಟರಾಗಿದ್ದಾಗ ಕಿರುಪರೀಕ್ಷೆ ಮಾಡದೆ ಯಾವ ಹುಡುಗನನ್ನೂ ಪಬ್ಲಿಕ್ ಪರೀಕ್ಷೆಗೆ ಕಳಿಸಿದವನಲ್ಲ. ಸರ್ಕಾರದವರಾದರೋ ತಮ್ಮ ಯಂತ್ರವನ್ನು ಬಿಟ್ಟು ಜನರನ್ನೇ ಪರೀಕ್ಷೆಗೆ ಕೂರಿಸುತ್ತಾರೆ.

ವರ್ತಕ ಮಿತ್ರರು 2017ನ್ನು ಮರೆತಿರಲಾರರು. ಜುಲೈ 1ರ ಮಧ್ಯರಾತ್ರಿ ಪಾರ್ಲಿಮೆಂಟಿನಲ್ಲಿ ಸಮಾರಂಭ ಮಾಡಿ ಜಿಎಸ್‌ಟಿ ತಂದರು. ಮೊದಲ ಲೆಕ್ಕ ಒಪ್ಪಿಸಲು ಆಗಸ್ಟ್ 20 ಕಡೆಯ ದಿನ. 19ರಂದು ಜಾಲತಾಣ ಕುಸಿಯಿತು; ಗಡುವನ್ನು 25ಕ್ಕೆ ಮುಂದೂಡಬೇಕಾಯಿತು. ದೇಶಕ್ಕೆಲ್ಲ ಒಂದೇ ಗಡುವಿಟ್ಟ ಮೇಲೆ ಗಡುವಿನ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬರುವರೆಂದು ತಿಳಿಯಲು ಎಷ್ಟು ವಿದ್ಯೆ ಬೇಕು? ಗೌರಿಹಬ್ಬದ ಹಿಂದಿನ ದಿನ ಎಷ್ಟು ಗೊನೆ ಬಾಳೆಹಣ್ಣು ತರಿಸಬೇಕೆಂಬುದು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತಳ್ಳುಗಾಡಿ ಇಟ್ಟವನಿಗೂ ಗೊತ್ತು! ತಡವಾದರೆ ದಂಡ ದಿನಕ್ಕೆ 200 ರೂಪಾಯಿ. ಕೇಂದ್ರಕ್ಕೆ 100, ರಾಜ್ಯಕ್ಕೆ 100. ಗಲಾಟೆ ಎದ್ದ ಮೇಲೆ ಮೊದಲ ತಿಂಗಳುಗಳ ದಂಡವನ್ನು ಮನ್ನಾ ಮಾಡಿದರು, ಆಮೇಲೆ 50ಕ್ಕೆ ಇಳಿಸಿದರು. ಮನ್ನಾ ಎಂಬುದು ದೊರೆಯ ಕೃಪೆ. ನಮಗೆ ಬೇಕಾದುದು ಕೃಪೆಯಲ್ಲ, ಹಕ್ಕು.

ಆ ಜಾಲವನ್ನು ನಡೆಸುವ ಕಂಪನಿಯಲ್ಲಿ ಅಂದು ಕೇಂದ್ರ ಮತ್ತು ರಾಜ್ಯಗಳ ಪಾಲು ಕೂಡಿ ನೂರಕ್ಕೆ 49. ಉಳಿದ 51 ಬ್ಯಾಂಕು, ಹಣಕಾಸು ಸಂಸ್ಥೆಗಳದು. 2018ರ ಮೇ ತಿಂಗಳಲ್ಲಿ ಜಿಎಸ್‌ಟಿ ಮಂಡಳಿ ಅದನ್ನು ಪೂರ್ತಿ ಸರ್ಕಾರದ್ದಾಗಿಸಲು ಒಪ್ಪಿತು. ಒಳ್ಳೆಯದಾಯಿತು. ಆದರೆ ಒಡೆಯ ಬದಲಾದ ಮಾತ್ರಕ್ಕೆ ಕೆಲಸದ ಕ್ರಮ ಬದಲಾಗುವುದಿಲ್ಲವೆಂದು ಸಮಾಜವಾದಿಗಳಾದ ನಾವೇ ಮೊದಲು ಹೇಳಬೇಕು.

ಕ್ರಮವಿದ್ದರೆ ಏನಾಗುವುದೆಂಬುದಕ್ಕೂ ಸಾಕ್ಷಿ ನಮ್ಮಲ್ಲೇ ಇದೆ. ಸರಕು ಸಾಗಿಸುವ ಇ-ವೇ ಬಿಲ್ಲನ್ನು 2018ರ ಫೆಬ್ರವರಿ 1ರಂದು ದೇಶಕ್ಕೆಲ್ಲ ಒಮ್ಮೆಗೇ ಕಡ್ಡಾಯ ಮಾಡಿದರು. ಅದೇ ದಿನ ಜಾಲತಾಣ ಕುಸಿದು ಆಜ್ಞೆಯನ್ನು ಮುಂದೂಡಿದರು. ಕರ್ನಾಟಕದಲ್ಲಿ 2017ರ ಸೆಪ್ಟೆಂಬರಿನಿಂದಲೇ ಅದು ನಡೆಯುತ್ತಿತ್ತು. ಏಪ್ರಿಲ್ 1ರಂದು ಮತ್ತೆ ಶುರು ಮಾಡುವಾಗ ಬುದ್ಧಿ ಬಂದಿತ್ತು: ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿಗೆ ಎಲ್ಲೆಡೆ, ರಾಜ್ಯದೊಳಗಿನ ಸರಕಿಗೆ ಕರ್ನಾಟಕದಲ್ಲಿ ಮಾತ್ರ, 15ರಿಂದ ಇನ್ನೈದು ರಾಜ್ಯಗಳು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಈ ಸಲ ನಿಂತಿತು. ಅದೇ ವರ್ತಕರು, ಅದೇ ಲಾರಿಗಳು.

2025ರ ಫೆಬ್ರವರಿಯ ಮೊದಲಲ್ಲಿ ಕಾವೇರಿ 2.0 ಕೈಕೊಟ್ಟು ರಾಜ್ಯದ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ನೋಂದಣಿ ಅಸ್ತವ್ಯಸ್ತವಾಯಿತು. ಹೊರಗಿನವರ ದಾಳಿ ಎಂದರು ಸರ್ಕಾರದವರು. ಇರಬಹುದು. ಅಂಗಡಿಯ ಬಾಗಿಲಿಗೆ ನೂರು ಪುಂಡರನ್ನು ನಿಲ್ಲಿಸಿ ನಿಜವಾದ ಗಿರಾಕಿ ಒಳಗೆ ಬಾರದಂತೆ ಮಾಡುವ ಹಳೆಯ ಉಪಾಯವೇ ಅದು. ಒಬ್ಬನಿಂದ ಗಳಿಗೆಗೆ ಎಷ್ಟು ಕೋರಿಕೆ ತೆಗೆದುಕೊಳ್ಳಬೇಕೆಂದು ಮಿತಿ ಹಾಕುವುದೂ ಪುಂಡರನ್ನು ಗುರುತಿಸಿ ಆಚೆ ನಿಲ್ಲಿಸುವುದೂ ಕಟ್ಟುವವನ ಕೆಲಸವೇ. ಕಳ್ಳನನ್ನು ಬೈದರೆ ಬೀಗ ಹಾಕದವನ ತಪ್ಪು ತೀರುವುದಿಲ್ಲ.

ಕಟ್ಟಿದ್ದನ್ನು ಕಾಪಾಡುವ ಮಾತು ಬೇರೆಯೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಯಿತು. ತುಂಬಿದ ಜಲಾಶಯದ ನೀರು ಸುಮಾರು ಒಂದು ವಾರ ಹೊಳೆಗೆ ಹರಿದುಹೋದುದನ್ನು ರೈತರು ಕಣ್ಣಾರೆ ಕಂಡರು. ಸರ್ವರಿಗೂ ಸರಪಳಿ ಇದೆ. ಅದು ಕಣ್ಣಿಗೆ ಕಾಣದು, ಅಷ್ಟೆ. ಕಟ್ಟುವುದಕ್ಕೆ ಟೆಂಡರು, ಉದ್ಘಾಟನೆಗೆ ಮಂತ್ರಿ; ಕಾಪಾಡುವುದಕ್ಕೆ ಗುತ್ತಿಗೆಯ ಹುಡುಗರು! ಹತ್ತು ವರ್ಷ ಒಂದೇ ಮಗ್ಗಕ್ಕೆ ಎಣ್ಣೆ ಬಿಟ್ಟ ಫಿಟ್ಟರ್ ಅದರ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆಯೆಂದು ಹೇಳುತ್ತಾನೆ, ಇದು ಗಿರಣಿಯ ಬಂಧುಗಳಿಗೆ ಗೊತ್ತು. ವರ್ಷಕ್ಕೊಮ್ಮೆ ಫಿಟ್ಟರನ್ನು ಬದಲಾಯಿಸಿದರೆ ಆ ಸದ್ದನ್ನು ಕೇಳುವವರು ಯಾರು?

ಯಂತ್ರವೇ ಬೇಡವೆನ್ನುವವರು ನಾವಲ್ಲ. ಪಹಣಿಗಾಗಿ ಗ್ರಾಮಲೆಕ್ಕಿಗರ ಬಾಗಿಲು ಕಾದ ಕಾಲ ನಮ್ಮ ತಂದೆಯವರಿಗೆ ನೆನಪಿದೆ. ಭೂಮಿ ಯೋಜನೆ ಬಂದು 15 ರೂಪಾಯಿಗೆ ಪಹಣಿ ಸಿಕ್ಕಾಗ ಅವರು ಸಂತೋಷಪಟ್ಟರು. ಯಂತ್ರದ ಲಾಭ ಮೇಲಿನವರಿಗೆ, ಅದರ ತಪ್ಪಿನ ದಂಡ ಕೆಳಗಿನವರಿಗೆ ಎಂಬ ಏರ್ಪಾಟನ್ನು ಮಾತ್ರ ಒಪ್ಪಲಾರೆವು. ಸರ್ವರ್ ನಿಂತ ಪ್ರತಿ ದಿನಕ್ಕೂ ಗಡುವು ತಾನಾಗಿಯೇ ಮುಂದೆ ಹೋಗಬೇಕು, ಯಾರ ಕಾಲಿಗೂ ಬೀಳದೆ. ಯಂತ್ರ ನಿಂತಾಗ ಕಾಗದದ ಅರ್ಜಿ ತೆಗೆದುಕೊಂಡು ಅಂದಿನ ತಾರೀಖಿನ ರಸೀತಿ ಕೊಡಬೇಕು. ಎಷ್ಟು ಗಂಟೆ ನಿಂತಿತ್ತೆಂಬುದನ್ನು ತಿಂಗಳು ತಿಂಗಳು ಪ್ರಕಟಿಸಿ, ಅದರ ದಂಡವನ್ನು ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿಯಬೇಕು. ತೆರೆಯುವ ಮೊದಲು ಎಷ್ಟು ಜನರ ಭಾರ ಹೊರಿಸಿ ಪರೀಕ್ಷಿಸಿದರೆಂಬ ವರದಿ ಜನರ ಮುಂದೆ ಇರಬೇಕು.

“ಅಷ್ಟೇನೂ ಕೆಡುವುದಿಲ್ಲ” ಎಂಬ ಉತ್ತರ ಬಂದೇ ಬರುತ್ತದೆ. ಆದುದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಂಧುಗಳು ಇಂದಿನಿಂದಲೇ ಒಂದು ನೋಟ್‌ಬುಕ್ ಇಡಿ. ಯಾವ ಊರು, ಯಾವ ತಾರೀಖು, ಎಷ್ಟು ಗಂಟೆ, ಯಾವ ಕೆಲಸ, ಎಷ್ಟು ಕೂಲಿ ಅಥವಾ ವ್ಯಾಪಾರ ಹೋಯಿತು, ಇಷ್ಟು ಬರೆದರೆ ಸಾಕು. ಆ ತಾಯಿಯ ಮೂರು ದಿನಗಳನ್ನು ನನ್ನ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ. ತಿಂಗಳ ಕೊನೆಗೆ ನಿಮ್ಮವನ್ನು ಪಕ್ಷದ ಕಚೇರಿಗೆ ತನ್ನಿ. ಒಟ್ಟುಗೂಡಿಸಿ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ.