ಈ ಸಾಲ ಯಾರದು?

ನಮ್ಮ ಪತ್ರಿಕೆಯ ಹಳೆಯ ಓದುಗರಾದ ಕಿರಾಣಿ ವ್ಯಾಪಾರಿಯೊಬ್ಬರು ಕಳೆದ ವಾರ ಕಚೇರಿಗೆ ಬಂದು ಒಂದು ಪ್ರಶ್ನೆ ಎತ್ತಿದರು. ನಾಲ್ಕಾರು ಮುಸ್ಲಿಂ ಹುಡುಗರು ರಸೀತಿ ಪುಸ್ತಕ ಹಿಡಿದು ಅವರ ಅಂಗಡಿಗೆ ಬಂದಿದ್ದರಂತೆ. ಕೊಲ್ಲಿ ರಾಜ್ಯಗಳಲ್ಲಿ ಕೆಲಸ ಕಳೆದುಕೊಂಡು, ಸಂಬಳ ಸಿಕ್ಕದೆ, ಊರಿಗೆ ಮರಳಲು ಟಿಕೇಟಿಗೂ ಗತಿಯಿಲ್ಲದೆ ಕೂತಿರುವ ಕೂಲಿಕಾರರ ಸಹಾಯನಿಧಿಗೆ ಚಂದಾ. ಇವರು ಐವತ್ತು ರೂಪಾಯಿ ಕೊಟ್ಟರು. ಕೊಟ್ಟ ಮೇಲೆ ಮನಸ್ಸಿಗೆ ಕಸಿವಿಸಿ. “ದುಡ್ಡು ಮಾಡಲೆಂದು ಸಮುದ್ರ ದಾಟಿ ಹೋದವರಿಗೆ ಇಲ್ಲಿ ಉಪ್ಪು ಮೆಣಸಿನಕಾಯಿ ಮಾರುವ ನಾನೇಕೆ ಕೊಡಬೇಕು? ನಮ್ಮೂರಿನಲ್ಲಿ ಬಡವರಿಗೆ ಬರವೇ? ಅವರವರ ಜನಕ್ಕೆ ಅವರವರು ಎತ್ತಿಕೊಂಡರೆ ಸಾಲದೇ?” ಎಂದು ಕೇಳಿದರು.

ಪ್ರಶ್ನೆ ನೇರವಾದುದು. ಹಲವರ ಮನಸ್ಸಿನಲ್ಲಿದ್ದು ಬಾಯಿಗೆ ಬಾರದ ಮಾತನ್ನು ಇವರು ಆಡಿದ್ದಾರೆ. ಆದುದರಿಂದ ಉತ್ತರವನ್ನೂ ಎಲ್ಲರೆದುರಿಗೆ ಹೇಳುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

ಕೊಲ್ಲಿಗೆ ಹೋದವನೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅತ್ತರು ಪೂಸಿಕೊಂಡು, ದೊಡ್ಡ ಪೆಟ್ಟಿಗೆ ಹೊರಿಸಿಕೊಂಡು ಬಸ್ಸಿನಿಂದ ಇಳಿಯುವ ಮನುಷ್ಯ. ಪೆಟ್ಟಿಗೆ ಎಲ್ಲರಿಗೂ ಕಾಣುತ್ತದೆ. ಅದರ ಹಿಂದಿನ ಸಾಲ ಯಾರಿಗೂ ಕಾಣುವುದಿಲ್ಲ. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್, ಒಮಾನ್, ಬಹ್ರೇನ್, ಈ ಆರು ರಾಜ್ಯಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಅವರಲ್ಲಿ ವೈದ್ಯರೂ ಇಂಜಿನಿಯರರೂ ದೊಡ್ಡ ವ್ಯಾಪಾರಿಗಳೂ ಉಂಟು. ಆದರೆ ಹೆಚ್ಚಿನವರು ಗಾರೆ ಕಲಸುವವರು, ಕಂಬಿ ಕಟ್ಟುವವರು, ಲಾರಿ ಓಡಿಸುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಮನೆಗೆಲಸದ ಹೆಂಗಸರು. 1983ರ ವಲಸೆ ಕಾಯಿದೆಯಂತೆ, ಹತ್ತನೆಯ ತರಗತಿ ಪಾಸಾಗದವನು ಈ ದೇಶಗಳಿಗೆ ಕೆಲಸಕ್ಕೆ ಹೊರಟರೆ ಸರಕಾರದ ಪರವಾನಗಿ ಬೇಕು. ಆ ಕಾಯಿದೆಯ ನಿಯಮಗಳಂತೆ ನೋಂದಾಯಿತ ಏಜೆಂಟನು ಅವನಿಂದ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಶುಲ್ಕ ತೆಗೆಯಕೂಡದು. ಕಾಗದದಲ್ಲಿ ಹೀಗಿದೆ. ಬೀದಿಯಲ್ಲಿ ಆಗುವುದೇ ಬೇರೆ. ಲಕ್ಷದ ಮಾತಾಡುವ ದಲ್ಲಾಳಿಗಳು ಊರೂರಿನಲ್ಲಿದ್ದಾರೆ. ಹೆಂಡತಿಯ ಕೊರಳ ಒಡವೆ ಗಿರವಿ ಅಂಗಡಿಗೆ, ಮನೆಯ ಪತ್ರ ಸಾಹುಕಾರನ ಪೆಟ್ಟಿಗೆಗೆ, ಆಮೇಲೆ ವಿಮಾನ. ಮೊದಲ ಎರಡು ವರ್ಷದ ಬೆವರು ಬಡ್ಡಿಗೇ ಸಂದುಹೋಗುತ್ತದೆ.

ಅಲ್ಲಿ ಇಳಿದ ಮೇಲೆ ‘ಕಫಾಲಾ’ ಎಂಬ ಪದ್ಧತಿ. ಕೆಲಸಗಾರನ ವೀಸಾ ಧಣಿಯ ಹೆಸರಿಗೆ ಗಂಟು ಬಿದ್ದಿರುತ್ತದೆ. ಕತಾರ್ 2020ರಲ್ಲಿಯೂ ಸೌದಿ 2021ರಲ್ಲಿಯೂ ಈ ಗಂಟನ್ನು ಅಷ್ಟಿಷ್ಟು ಸಡಿಲಿಸಿದವು. ಕೆಲಸಗಾರನ ಪಾಸ್‌ಪೋರ್ಟನ್ನು ಧಣಿ ಕಿತ್ತಿಟ್ಟುಕೊಳ್ಳುವುದು ಅಲ್ಲಿಯ ಕಾನೂನಿಗೂ ವಿರುದ್ಧವೇ. ಆದರೂ ನಡೆಯುತ್ತಲೇ ಇದೆ. ನಮ್ಮ ಗಿರಣಿಯಲ್ಲಿ ಸಂಬಳ ನಿಂತರೆ ಕಾರ್ಮಿಕ ಬಂಧುಗಳು ಗೇಟಿನ ಮುಂದೆ ಕೂಡುತ್ತಾರೆ, ಬಾವುಟ ಏರಿಸುತ್ತಾರೆ, ಲೇಬರ್ ಆಫೀಸರರ ಬಾಗಿಲು ಬಡಿಯುತ್ತಾರೆ, ಸಂಜೆ ತಮ್ಮ ಮನೆಗೆ ಹೋಗಿ ಗಂಜಿಯನ್ನಾದರೂ ಕುಡಿಯುತ್ತಾರೆ. ಸೌದಿಯಲ್ಲಾಗಲಿ ಸಂಯುಕ್ತ ಅರಬ್ ಸಂಸ್ಥಾನದಲ್ಲಾಗಲಿ ಕಾರ್ಮಿಕ ಸಂಘ ಕಟ್ಟುವುದಕ್ಕೂ ಮುಷ್ಕರ ಹೂಡುವುದಕ್ಕೂ ಕಾನೂನಿನಲ್ಲಿ ಎಡೆಯಿಲ್ಲ. ಸಂಬಳ ನಿಂತ ದಿನ ಅವನಿಗೆ ಗೇಟೂ ಇಲ್ಲ, ಬಾವುಟವೂ ಇಲ್ಲ, ಮನೆಯೂ ಇಲ್ಲ.

ಸಂಘಕ್ಕೆ ಎಡೆಯಿಲ್ಲದ ಕಡೆ ಮನುಷ್ಯ ತನ್ನ ಭಾಷೆಯವನನ್ನು, ತನ್ನ ಊರಿನವನನ್ನು, ತನ್ನ ಜೊತೆ ನಮಾಜು ಮಾಡುವವನನ್ನು ಹುಡುಕುತ್ತಾನೆ. ಇದು ಹೊಸದೇನಲ್ಲ. ಮುಂಬಯಿಗೆ ಹೋದ ಕರಾವಳಿಯ ಹೋಟೆಲ್ ಹುಡುಗರಿಗೆ ಕನ್ನಡ ರಾತ್ರಿಶಾಲೆ ತೆರೆದವರು ಅಲ್ಲಿದ್ದ ನಮ್ಮವರೇ ಅಲ್ಲವೇ? ಕೊಲ್ಲಿಯಲ್ಲಿ ಆ ಕೆಲಸಕ್ಕೆ ನಿಂತವರು ಮಲಬಾರಿನ ಮುಸ್ಲಿಂ ತರುಣರು. ಕೆ.ಎಂ.ಸಿ.ಸಿ. ಎಂದು ಹೆಸರಾದ ಕೇರಳ ಮುಸ್ಲಿಂ ಕಲ್ಚರಲ್ ಸೆಂಟರ್ ಅವರ ದೊಡ್ಡ ಸಂಸ್ಥೆ. ನಮ್ಮ ಮಂಗಳೂರು, ಭಟ್ಕಳದ ಕಡೆಯವರೂ ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಹಗಲು ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು, ರಾತ್ರಿ ಕೂಲಿಗಳ ಶಿಬಿರಕ್ಕೆ ಅಕ್ಕಿ ಹೊರುವ ಹುಡುಗರು ಇವರು.

2016ರ ಜುಲೈ ಕೊನೆಯಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳೋಣ. ಎಣ್ಣೆಯ ಬೆಲೆ ಕುಸಿದು, ಕಟ್ಟಡ ಕಂಪನಿಗಳು ಸಂಬಳ ನಿಲ್ಲಿಸಿ, ಸೌದಿಯಲ್ಲಿಯೂ ಕುವೈತಿನಲ್ಲಿಯೂ 10,000ಕ್ಕೂ ಹೆಚ್ಚು ಭಾರತೀಯ ಕೂಲಿಕಾರರು ಅನ್ನಕ್ಕೆ ಪರದಾಡಿದರು. ಆಗ ವಿದೇಶಾಂಗ ಮಂತ್ರಿಯಾಗಿದ್ದ ಸುಷ್ಮಾ ಸ್ವರಾಜ್ ಅವರು ಸೌದಿಯಲ್ಲಿದ್ದ 30 ಲಕ್ಷ ಭಾರತೀಯರಿಗೆ ‘ನಿಮ್ಮ ಸೋದರರಿಗೆ ನೆರವಾಗಿ’ ಎಂಬ ಅರ್ಥದ ಬಹಿರಂಗ ಮನವಿ ಮಾಡಿದರು. ಜೆಡ್ಡಾದ ನಮ್ಮ ಕಾನ್ಸುಲೇಟಿನವರೂ ಅಲ್ಲಿಯ ಭಾರತೀಯರೂ ಕೂಡಿ ಶಿಬಿರಗಳಿಗೆ ದವಸ ಹಂಚಿದರು. ಸರಕಾರವೇ ಜನರ ಕೈ ನೋಡಿದ ಕಾಲ ಅದು ಎನ್ನದೆ ವಿಧಿಯಿಲ್ಲ.

2020ರಲ್ಲಿ ಕೊರೋನಾ ಬಂತು. ಮಾರ್ಚ್ 31ರಿಂದ ದುಬೈಯ ನಾಯಿಫ್, ಅಲ್ ರಾಸ್ ಬಡಾವಣೆಗಳಿಗೆ ಬೀಗ ಬಿತ್ತು. ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುವ ಕೂಲಿಕಾರರ ಬಾಗಿಲಿಗೆ ಅನ್ನದ ಪೊಟ್ಟಣ ಹೊತ್ತವರು ಈ ಸ್ವಯಂಸೇವಕರು. ಮೇ 7ರಂದು ಸರಕಾರದ ‘ವಂದೇ ಭಾರತ್’ ವಿಮಾನಗಳು ಹೊರಟವು; ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲನೆಯದು ಬಂತು. ಆದರೆ ಟಿಕೇಟಿನ ದುಡ್ಡು ಪ್ರಯಾಣಿಕನದೇ. ಎರಡು ತಿಂಗಳಿಂದ ಸಂಬಳ ಕಾಣದವನು ಅದನ್ನು ಎಲ್ಲಿಂದ ತಂದಾನು? ಜೂನ್ ತಿಂಗಳಿನಿಂದ ಕೆ.ಎಂ.ಸಿ.ಸಿ.ಯವರೂ, ಅವರಂತೆ ನಮ್ಮ ಕರಾವಳಿಯ ಸಂಘಗಳವರೂ ತಾವೇ ವಿಮಾನ ಬಾಡಿಗೆಗೆ ಹಿಡಿದು ಜನರನ್ನು ಊರಿಗೆ ಕಳಿಸಿದರು. ಕೈಲಾಗದವರಿಗೆ ಚಂದಾ ಹಣದಿಂದ ಟಿಕೇಟು ಕೊಂಡರು. ಆ ವಿಮಾನಗಳಲ್ಲಿ ಎಲ್ಲ ಧರ್ಮದವರೂ ಬಂದರು.

ಇನ್ನೊಂದು ಕೆಲಸವುಂಟು, ಅದನ್ನು ಮಾಡಲು ಎದೆಗಟ್ಟಿ ಬೇಕು. ಕೂಲಿಕಾರ ಅಲ್ಲಿ ಸತ್ತರೆ ಆಸ್ಪತ್ರೆ, ಪೊಲೀಸು, ಕಾನ್ಸುಲೇಟು, ವಿಮಾನ ಕಂಪನಿ ಎಂದು ಬಾಗಿಲಿನಿಂದ ಬಾಗಿಲಿಗೆ ಅಲೆದು ಕಾಗದ ಮಾಡಿಸಿ ಹೆಣವನ್ನು ಊರಿಗೆ ಕಳಿಸಬೇಕು. ಹೆಂಡತಿ ಮಕ್ಕಳು ಇಲ್ಲಿ. ಅಲ್ಲಿ ಅಲೆಯುವವರು ಈ ತರುಣರು. 2022ರವರೆಗೆ ಸರಕಾರದ್ದೇ ಆಗಿದ್ದ ಏರ್ ಇಂಡಿಯಾ ಹಲವು ವರ್ಷ ಈ ಹೆಣಗಳನ್ನು ತೂಗಿ, ಕಿಲೋ ಲೆಕ್ಕದಲ್ಲಿ ಬಾಡಿಗೆ ವಸೂಲು ಮಾಡುತ್ತಿತ್ತು. ಮಂಡಿಯಲ್ಲಿ ಮೂಟೆ ತೂಗಿದ ಹಾಗೆ! ಸ್ವಯಂಸೇವಕರು ಚಂದಾ ಎತ್ತಿ ಆ ಬಾಡಿಗೆ ಕಟ್ಟುತ್ತಲೇ ಬಂದರು. 2018ರಲ್ಲಿ ಕಂಪನಿ ದರವನ್ನು ಏರಿಸಿತು. ಆಗ ಜನ ಕೆರಳಿದರು. ಏರಿಕೆ ಹಿಂದಕ್ಕೆ ಹೋಯಿತು. ತೂಗುವುದನ್ನೇ ಬಿಡಿ ಎಂಬ ಕೂಗು ನಿಲ್ಲಲಿಲ್ಲ. 2019ರ ಜನವರಿಯಲ್ಲಿ, ಸಂಯುಕ್ತ ಅರಬ್ ಸಂಸ್ಥಾನದಿಂದ ಬರುವ ಹೆಣಕ್ಕೆ 1,500 ದಿರ್ಹಮ್, 12 ವರ್ಷದೊಳಗಿನ ಮಕ್ಕಳಾದರೆ 750 ದಿರ್ಹಮ್ ಎಂದು ಒಂದೇ ದರ ಗೊತ್ತಾಯಿತು, ತೂಕ ನಿಂತಿತು.

ಕಾರ್ಮಿಕ ಬಂಧುಗಳು ಇದರ ಪಾಠವನ್ನು ಗಮನಿಸಬೇಕು. ಚಂದಾ ಹಣ ವರ್ಷಗಟ್ಟಲೆ ಬಾಡಿಗೆ ಕಟ್ಟಿತು, ತೂಕವನ್ನು ನಿಲ್ಲಿಸಲಿಲ್ಲ. ತೂಕವನ್ನು ನಿಲ್ಲಿಸಿದ್ದು ಕೂಗು. ಚಂದಾ ಇಂದಿನ ಹಸಿವಿಗೆ, ಕೂಗು ನಾಳೆಯ ನ್ಯಾಯಕ್ಕೆ. ಎರಡೂ ಬೇಕು. ಒಂದನ್ನು ಮಾಡಿ ಇನ್ನೊಂದನ್ನು ಮರೆತರೆ ಧಣಿಗೆ ಲಾಭ.

ಏಕೆಂದರೆ ಈ ಡಬ್ಬಿಗೆ ಬೀಳುವ ಒಂದೊಂದು ರೂಪಾಯಿಯೂ ಮತ್ತೊಬ್ಬರು ತೀರಿಸಬೇಕಾಗಿದ್ದ ಸಾಲ. ಮೊದಲನೆಯ ಸಾಲಗಾರ, ದುಡಿಸಿಕೊಂಡು ಕೂಲಿ ಕೊಡದ ಧಣಿ. ಎರಡನೆಯವನು, ನಿಯಮ ಮೀರಿ ಹಣ ಹಿಂಡಿದ ದಲ್ಲಾಳಿ. ಮೂರನೆಯದು ಸರಕಾರ. ವಿದೇಶದ ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ‘ಭಾರತೀಯ ಸಮುದಾಯ ಕ್ಷೇಮನಿಧಿ’ ಎಂಬುದೊಂದಿದೆ. ಗತಿಯಿಲ್ಲದವನ ಊಟ ವಸತಿಗೆ, ಟಿಕೇಟಿಗೆ, ಹೆಣ ಸಾಗಿಸುವುದಕ್ಕೆ ಅದರಿಂದ ಖರ್ಚು ಮಾಡಬಹುದು. ಆ ನಿಧಿ ತುಂಬಿದ್ದು ಹೇಗೆ? ಪಾಸ್‌ಪೋರ್ಟು ಮೊದಲಾದ ಕೆಲಸಗಳಿಗೆ ಕಾನ್ಸುಲೇಟಿಗೆ ಹೋದವರಿಂದ ಶುಲ್ಕದ ಜೊತೆಗೆ ಚಿಲ್ಲರೆ ಚಿಲ್ಲರೆಯಾಗಿ ವಸೂಲು ಮಾಡಿದ ಹಣದಿಂದ. ಅಂದರೆ ಅದು ಕೂಲಿಕಾರರದೇ ಗಂಟು. ಗಂಟು ಪೆಟ್ಟಿಗೆಯಲ್ಲಿರುವಾಗ ಹುಡುಗರು ಬೀದಿಯಲ್ಲಿ ರಸೀತಿ ಹರಿಯಬೇಕಾಗಿ ಬಂದದ್ದು ಯಾರಿಗೆ ಶೋಭೆ?

ನಾಲ್ಕನೆಯ ಸಾಲಗಾರರು ನಾವು. ಕಾರ್ಮಿಕರ ಪಕ್ಷ, ಕಾರ್ಮಿಕರ ಸಂಘ ಎಂದು ಎದೆತಟ್ಟಿಕೊಳ್ಳುವ ನಾವು ಗಿರಣಿಯ ಗೇಟಿನಾಚೆ ನೋಡಲಿಲ್ಲ. ಧರ್ಮದ ಹೆಸರಿನಲ್ಲಿ ಪಕ್ಷ ಕಟ್ಟುವುದನ್ನು ನಾವು ಒಪ್ಪುವವರಲ್ಲ. ಕೆ.ಎಂ.ಸಿ.ಸಿ. ಮುಸ್ಲಿಂ ಲೀಗಿನ ಒಲವಿನ ಸಂಸ್ಥೆ. ಲೀಗಿನ ರಾಜಕೀಯದೊಡನೆ ನಮಗೆ ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಸಿದವನ ಮುಂದೆ ತಟ್ಟೆಯಿಟ್ಟವನಿಗೆ ‘ನಿನ್ನ ಪಕ್ಷ ಯಾವುದು’ ಎಂದು ಕೇಳುವ ಹಕ್ಕು, ತಟ್ಟೆಯಿಡದವನಿಗೆ ಇಲ್ಲ.

‘ಅವರ ಜನಕ್ಕೆ ಅವರು’ ಎಂಬ ಮಾತಿಗೂ ಇಲ್ಲೇ ಉತ್ತರ ಹೇಳುತ್ತೇವೆ. 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕೂಲಿಕಾರರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಎರಡು ದಿನದ ಮೇಲೆ ವಾಯುಪಡೆಯ ವಿಮಾನವೊಂದು 45 ಭಾರತೀಯರ ಹೆಣ ಹೊತ್ತು ಕೊಚ್ಚಿಯಲ್ಲಿ ಇಳಿಯಿತು. ಸುಮಾರು ಅರ್ಧ ಜನ ಕೇರಳದವರು. ತಮಿಳರು, ಆಂಧ್ರದವರು, ಉತ್ತರ ಪ್ರದೇಶದವರು, ಒರಿಸ್ಸಾದವರು. ನಮ್ಮ ಕಲಬುರಗಿ ಜಿಲ್ಲೆಯವರೂ ಒಬ್ಬರು. ಬೆಂಕಿ ಯಾರ ಜಾತಿಯನ್ನೂ ಕೇಳಲಿಲ್ಲ. ಸಂಬಳ ನುಂಗುವ ಧಣಿಯೂ ಕೇಳುವುದಿಲ್ಲ.

ಮುಸಲ್ಮಾನರಲ್ಲಿ ಉಳ್ಳವನು ತನ್ನ ಉಳಿತಾಯದ ನಲವತ್ತನೆಯ ಒಂದು ಪಾಲನ್ನು ಜಕಾತ್ ಆಗಿ ಕೊಡಬೇಕೆಂಬ ಕಟ್ಟಳೆಯಿದೆ. ಅದು ಯಾರಿಗೆ ಸಲ್ಲಬೇಕೆಂದು ಕುರಾನು ಎಣಿಸುವ ಎಂಟು ವರ್ಗಗಳಲ್ಲಿ ಬಡವರ ಜೊತೆಗೆ ಸಾಲದಲ್ಲಿ ಮುಳುಗಿದವರಿದ್ದಾರೆ, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರಿದ್ದಾರೆ, ಬಂಧನದಿಂದ ಬಿಡಿಸಬೇಕಾದವರಿದ್ದಾರೆ. ಸಂಬಳ ನಿಂತು ಕೊಲ್ಲಿಯಲ್ಲಿ ಕೂತ ಕೂಲಿಕಾರ ಈ ಎಲ್ಲವೂ ಹೌದು. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದು ಪೈಗಂಬರರ ಮಾತೆಂದು ಅವರಲ್ಲಿ ಪ್ರಸಿದ್ಧವಾಗಿದೆ. ನಮ್ಮ ಶರಣರು ಕಾಯಕದ ಜೊತೆಗೇ ದಾಸೋಹವನ್ನು ಇಟ್ಟರು. ಮಾತು ಬೇರೆ ಬೇರೆ. ದುಡಿದವನಿಗೆ ಸಲ್ಲಬೇಕಾದದ್ದು ಒಂದೇ. 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಸುರುವಾದಾಗ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದರು. ಹಳ್ಳಿಯ ರೈತರು ತಮ್ಮ ಕಣಜದ ಕಾಳು ಹಂಚಿಕೊಂಡು ಅವರನ್ನು ಸಾಕಿದರು. ಪಟ್ಟಣಕ್ಕೆ ದುಡ್ಡು ಮಾಡಲು ಹೋದವನಿಗೆ ನಾವೇಕೆ ಕೊಡಬೇಕೆಂದು ಕೇಳಲಿಲ್ಲ.

ಇನ್ನು ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಕೊಲ್ಲಿಯಿಂದ ಬರುವ ಹಣ ಬ್ಯಾಂಕಿನಲ್ಲಿ ನಿಲ್ಲುವುದಿಲ್ಲ. ಬಟ್ಟೆ ಅಂಗಡಿ, ಸಿಮೆಂಟಿನ ಅಂಗಡಿ, ಕಿರಾಣಿ ಅಂಗಡಿ ಎಂದು ಬಜಾರಿನಲ್ಲಿ ತಿರುಗುತ್ತದೆ. ಹಣ ಬಂದಾಗ ಗಿರಾಕಿಯಾದವನು ಹಣ ನಿಂತಾಗ ಪರದೇಶಿಯಾಗುವುದು ಹೇಗೆ?

ಚಂದಾ ಎತ್ತುವ ತರುಣರಿಗೆ ನಾವು ಹೇಳುವುದು ಎರಡೇ ಮಾತು. ಲೆಕ್ಕ ಇಡಿ, ಬಂದದ್ದು ಹೋದದ್ದನ್ನು ಅಚ್ಚು ಹಾಕಿಸಿ ಬಜಾರಿನಲ್ಲಿ ಹಂಚಿರಿ. ಚಂದಾ ಹಣದಿಂದಲೇ ನಡೆಯುವ ಪಕ್ಷದವರಾದ ನಾವು ಇದರ ಬೆಲೆ ಬಲ್ಲೆವು. ಎರಡನೆಯದಾಗಿ, ಯಾರಿಗೆ ನೆರವಾದಿರೋ ಅವನಿಗೆ ಯಾವ ಕಂಪನಿ ಎಷ್ಟು ತಿಂಗಳ ಸಂಬಳ ಬಾಕಿ ಇಟ್ಟಿದೆ, ಯಾವ ಏಜೆಂಟ್ ಎಷ್ಟು ತೆಗೆದ ಎಂಬುದನ್ನು ಬರೆದಿಡಿ. ರಸೀತಿ ಪುಸ್ತಕದ ಪಕ್ಕದಲ್ಲಿ ಬಾಕಿ ಪುಸ್ತಕವೊಂದು ಇರಲಿ. ಆ ಪುಸ್ತಕ ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುವ ದಿನ ನಮ್ಮ ಯೂನಿಯನ್ನಿನವರು ನಿಮ್ಮ ಜೊತೆಗಿರುತ್ತಾರೆ.

ಸರಕಾರಗಳನ್ನು ನಾವು ಕೇಳುವುದಿಷ್ಟು. ಕ್ಷೇಮನಿಧಿಯ ಲೆಕ್ಕವನ್ನು ವರ್ಷವರ್ಷ ಜನರ ಮುಂದಿಡಲಿ. ಸಂಬಳ ಕಾಣದ ಕೂಲಿಕಾರನ ಟಿಕೇಟನ್ನು ಅದರಿಂದಲೇ ಕೊಡಲಿ. ಸಂಬಳದ ಬಾಕಿಗೆ ದಾವೆ ಹೂಡದೆ ಯಾವ ಕೂಲಿಕಾರನನ್ನೂ ಬರಿಗೈಯಲ್ಲಿ ವಿಮಾನ ಹತ್ತಿಸದಿರಲಿ. ನಿಯಮ ಮೀರಿದ ಏಜೆಂಟನ ಪರವಾನಗಿ ರದ್ದಾಗಲಿ. ಕೇರಳ 1996ರಲ್ಲಿಯೇ ಹೊರನಾಡಿನ ತನ್ನ ಜನಕ್ಕೆ ಪ್ರತ್ಯೇಕ ಇಲಾಖೆ ತೆರೆಯಿತು. 2008ರಲ್ಲಿ ಅವರ ಕ್ಷೇಮಕ್ಕೆ ಕಾಯಿದೆ ಮಾಡಿತು. ಕರ್ನಾಟಕವೂ ಕೂಲಿಗೆ ಹೋದವರನ್ನು ಲೆಕ್ಕಕ್ಕೆ ಹಿಡಿದು ಅಂಥದೊಂದು ಕಾಯಿದೆಯನ್ನು ಮಾಡಲಿ.

ಓದುಗರ ಮನೆಯ ಹುಡುಗರು ಯಾರಾದರೂ ಹೊರಡುವವರಿದ್ದರೆ ಮೂರು ಕಾಗದ ನೋಡಿರಿ: ಏಜೆಂಟನ ಸರಕಾರಿ ನೋಂದಣಿ, ವಲಸೆ ಪರವಾನಗಿ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪತ್ರ. ಎರಡು ವರ್ಷಕ್ಕೆ 275 ರೂಪಾಯಿ ಕಂತು ಎಂದು ಗೊತ್ತುಮಾಡಿದ ಈ ವಿಮೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡುವಂಥದು. ‘ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಸರಿಮಾಡುತ್ತೇವೆ’ ಎನ್ನುವ ದಲ್ಲಾಳಿಯನ್ನು ಹೊಸಲು ತುಳಿಯಲು ಬಿಡಬೇಡಿ. ಹಾಗೆ ಹೋದವನಿಗೆ ಪರವಾನಗಿಯೂ ಇಲ್ಲ, ವಿಮೆಯೂ ಇಲ್ಲ.

ನಮ್ಮ ಕಿರಾಣಿ ಮಿತ್ರರ ಐವತ್ತು ರೂಪಾಯಿ ವ್ಯರ್ಥವಾಗಿಲ್ಲ. ಆ ಹುಡುಗರು ಕೊಟ್ಟ ರಸೀತಿಯನ್ನು ಅವರು ಎಸೆಯದೆ ಇಟ್ಟುಕೊಳ್ಳಲಿ. ಅದು ದಾನದ ಚೀಟಿಯಲ್ಲ. ಧಣಿಗೂ ಸರಕಾರಕ್ಕೂ ಕೊಟ್ಟ ಕೈಗಡದ ಚೀಟಿ. ಕೈಗಡವನ್ನು ವಸೂಲು ಮಾಡುವುದು ಹೇಗೆಂದು ಅಂಗಡಿಯವರಿಗೆ ನಾವು ಕಲಿಸಬೇಕಾಗಿಲ್ಲ.