ಕತ್ತರಿ ಅವರದು, ಅಫಿಡವಿಟ್ ಖರ್ಚು ನಮ್ಮದೇ?

"ನಿಮ್ಮ ಹೆಸರು ಮ್ಯಾಚ್ ಆಗ್ತಿಲ್ಲಮ್ಮ. ಅಫಿಡವಿಟ್ ಮಾಡಿಸ್ಕೊಂಡು ಬನ್ನಿ." ಈ ಮಾತು ಕೇಳಿಸಿಕೊಳ್ಳದ ಮನೆ ನಮ್ಮ ಹಳ್ಳಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್‌ನಲ್ಲಿ ಮತ್ತೊಂದು. ತಪ್ಪು ನಿಮ್ಮದೇ ಅಂತ ಕೌಂಟರ್‌ನಲ್ಲಿ ಕೂತವರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ನಾವೂ ತಲೆ ಆಡಿಸಿ ಛಾಪಾ ಕಾಗದ, ನೋಟರಿ, ಜೆರಾಕ್ಸ್ ಅಂತ ಒಂದು ದಿನದ ಕೂಲಿ ಕಳೆದುಕೊಂಡು ಓಡಾಡುತ್ತೇವೆ.

ದಾಖಲೆಗಳಲ್ಲಿ ನಿಜವಾದ ತಪ್ಪುಗಳು ಇಲ್ಲ ಅಂತ ನಾನು ಹೇಳುತ್ತಿಲ್ಲ, ಬೇಕಾದಷ್ಟಿವೆ. ಆದರೆ ಕಾಗದದ ಮೇಲೆ ಸರಿಯಾಗೇ ಇರುವ ಹೆಸರು ಕಂಪ್ಯೂಟರ್ ಒಳಗೆ ಹೋಗಿ ಮುರಿದು ಹೊರಗೆ ಬರುವುದೂ ಉಂಟು. ಅಲ್ಲಿ ಏನು ನಡೆಯಿತು ಅಂತ ಯಾರೂ ನೋಡುವುದಿಲ್ಲ. ನನ್ನ ಜಗಳ ಇರುವುದು ಅದರ ಮೇಲೆ.

ಹೇಗೆ ಮುರಿಯುತ್ತದೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಹಳೇ ಮೈಸೂರು ಕಡೆಯ ದಾಖಲೆಗಳಲ್ಲಿ ಹೆಸರು ಹೀಗೆ ಬರುತ್ತದೆ: "ಲಕ್ಷ್ಮಮ್ಮ ಕೋಂ ರಾಮಯ್ಯ, ಸರ್ವೆ ನಂ. 42/13, ವಿಸ್ತೀರ್ಣ 1 ಎಕರೆ 10 ಗುಂಟೆ". ಕೋಂ ಅಂದರೆ ಇಂಥವರ ಹೆಂಡತಿ, ಬಿನ್ ಅಂದರೆ ಇಂಥವರ ಮಗ. ಈ ಸಾಲಿನಿಂದ ಗಂಡನ ಹೆಸರು ಮಾತ್ರ ಬೇಕು ಅಂದಾಗ ಪ್ರೋಗ್ರಾಂ ಬರೆಯುವವರು ಎರಡು ಗುರುತು ಇಟ್ಟುಕೊಳ್ಳುತ್ತಾರೆ. ಮೊದಲ ಗುರುತು "ಕೋಂ", ಎರಡನೆಯದು "ಸರ್ವೆ". ಇವೆರಡರ ನಡುವೆ ಇರುವುದನ್ನು ಕತ್ತರಿಸಿ ತೆಗಿ ಅಂತ ಕಂಪ್ಯೂಟರ್‌ಗೆ ಹೇಳುತ್ತಾರೆ. ಹೊಲದ ಎರಡು ಬಾಂದು ಕಲ್ಲು ತೋರಿಸಿ ನಡುವೆ ಉಳು ಅಂದ ಹಾಗೆ. ಪ್ರೋಗ್ರಾಂ ಕಲಿಯುವ ಹುಡುಗರು ಮೊದಲ ತಿಂಗಳಲ್ಲೇ ಕಲಿಯುವ ಕೆಲಸ ಇದು.

ಸರಿ, ಒಂದು ಬಾಂದು ಕಲ್ಲೇ ಇಲ್ಲದಿದ್ದರೆ?

ಮನುಷ್ಯನಾದರೆ ನಿಂತು ಕೇಳುತ್ತಾನೆ. ಕಂಪ್ಯೂಟರ್ ಕೇಳುವುದಿಲ್ಲ, ಕೇಳು ಅಂತ ಬರೆದವರು ಹೇಳಿರಬೇಕು. ಪೈಥಾನ್ ಅನ್ನುವ ಭಾಷೆಯಲ್ಲಿ ಫೈಂಡ್ ಅನ್ನುವ ಆಜ್ಞೆ ಇದೆ. ಹುಡುಕಿದ್ದು ಎಷ್ಟನೇ ಅಕ್ಷರದಲ್ಲಿ ಸಿಕ್ಕಿತು ಅಂತ ಅದು ಹೇಳುತ್ತದೆ. ಸಿಗದಿದ್ದರೆ -1 ಅನ್ನುತ್ತದೆ. ಆ -1 ಅಂದರೆ "ಸಿಗಲಿಲ್ಲ ಸ್ವಾಮಿ" ಅಂತ. ಆದರೆ ಅದೇ ಪೈಥಾನ್‌ನಲ್ಲಿ ಕತ್ತರಿಸುವಾಗ -1 ಅಂದರೆ "ಕೊನೆಯ ಅಕ್ಷರ" ಅಂತಲೂ ಅರ್ಥ. ಬರೆದವರು ಪರೀಕ್ಷೆ ಮಾಡದೆ ಆ ಸಂಖ್ಯೆಯನ್ನು ಹಾಗೇ ಕತ್ತರಿಗೆ ಕೊಟ್ಟರೆ, ಕಂಪ್ಯೂಟರ್ ಕೊನೆಯ ಅಕ್ಷರ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಿ ಕೊಡುತ್ತದೆ. ಗಲಾಟೆ ಇಲ್ಲ, ಕೆಂಪು ಅಕ್ಷರ ಇಲ್ಲ, ಏನೂ ಇಲ್ಲ.

ಮೇಲಿನ ಸಾಲನ್ನೇ ನೋಡಿ. ಸರ್ವೆ ನಂಬರ್ ಬೇಕು ಅಂತ "ಸರ್ವೆ ನಂ." ಮತ್ತು "ವಿಸ್ತೀರ್ಣ" ಎರಡರ ನಡುವೆ ಕತ್ತರಿಸಲು ಹೇಳಿದ್ದಾರೆ ಅಂದುಕೊಳ್ಳಿ. ಒಂದು ದಾಖಲೆಯಲ್ಲಿ ಜಾಗ ಸಾಲದೆ ವಿಸ್ತೀರ್ಣ ಕೆಳಗಿನ ಸಾಲಿಗೆ ಹೋಗಿದೆ, ಮೇಲಿನ ಸಾಲು 42/13ಕ್ಕೇ ಮುಗಿದಿದೆ. ಒಂದೊಂದೇ ಸಾಲು ಓದುವ ಪ್ರೋಗ್ರಾಂಗೆ ಎರಡನೇ ಗುರುತು ಸಿಗುವುದಿಲ್ಲ. ಕೊನೆಯ ಅಕ್ಷರ ಹಾರುತ್ತದೆ. 42/13 ಇದ್ದದ್ದು 42/1 ಆಗುತ್ತದೆ. ಅದು ಬೇರೆಯವರ ಹಿಸ್ಸಾ! ಇದೇ ಕತ್ತರಿಗೆ ಹಣದ ಸಾಲು ಸಿಕ್ಕರೆ 2000 ಹೋಗಿ 200 ಆಗುತ್ತದೆ. ಹೆಸರಿನ ಸಾಲು ಸಿಕ್ಕರೆ ಹನುಮಂತು ಹನುಮಂತ ಆಗುತ್ತಾನೆ, ರಾಜು ರಾಜ ಆಗುತ್ತಾನೆ. ಇವೂ ಹೆಸರುಗಳೇ ತಾನೇ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಆಧಾರ್ ಜೊತೆ ಹೋಲಿಸಿದಾಗ ಮಾತ್ರ "ಮ್ಯಾಚ್ ಆಗ್ತಿಲ್ಲ".

ಪೈಥಾನ್ ಒಂದನ್ನೇ ಬೈದರೆ ತಪ್ಪಾಗುತ್ತದೆ. ಜಾವಾಸ್ಕ್ರಿಪ್ಟ್‌ನ ಸಬ್‌ಸ್ಟ್ರಿಂಗ್ ಅನ್ನುವ ಕತ್ತರಿ ಇನ್ನೂ ವಿಚಿತ್ರ. ಅದಕ್ಕೆ -1 ಕೊಟ್ಟರೆ ಸೊನ್ನೆ ಅಂತ ತಿಳಿದುಕೊಂಡು, ಮೊದಲು ಕೊನೆಯನ್ನು ಅದಲು ಬದಲು ಮಾಡಿ, ಗುರುತಿನ ಮುಂದಿನದ್ದು ಕೇಳಿದವರಿಗೆ ಹಿಂದಿನದ್ದನ್ನು ಕೊಡುತ್ತದೆ. ಗಂಡನ ಹೆಸರಿನ ಜಾಗದಲ್ಲಿ "ಲಕ್ಷ್ಮಮ್ಮ ಕೋಂ" ಅಂತ ಬಂದು ಕೂರುತ್ತದೆ.

ಈಗ ಕನ್ನಡದ ಪಾಡು ಕೇಳಿ. ಇದನ್ನು ಬೆಂಗಳೂರಿನ ಎಷ್ಟು ಆಫೀಸುಗಳಲ್ಲಿ ತಲೆಗೆ ಹಾಕಿಕೊಂಡಿದ್ದಾರೋ ಕಾಣೆ. "ಕೋಂ" ಅನ್ನುವಲ್ಲಿ ಇರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿಯೂ ಇಡಬಹುದು, ಒತ್ವ ಮತ್ತು ದೀರ್ಘ ಅಂತ ಎರಡು ತುಂಡಾಗಿಯೂ ಇಡಬಹುದು, ಇನ್ನೂ ಬಿಡಿಸಿ ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಮೂರೂ ಒಂದೇ. ಕಂಪ್ಯೂಟರ್‌ಗೆ ಮೂರೂ ಬೇರೆ ಬೇರೆ. ಪ್ರೋಗ್ರಾಂನಲ್ಲಿ ಒಂದು ಬಗೆ, ದಾಖಲೆಯಲ್ಲಿ ಇನ್ನೊಂದು ಬಗೆ ಇದ್ದರೆ ಕಣ್ಣೆದುರಿಗಿರುವ "ಕೋಂ" ಕಂಪ್ಯೂಟರ್‌ಗೆ ಸಿಗುವುದೇ ಇಲ್ಲ. ಮತ್ತೆ -1. ಅದಕ್ಕೆ "ಕೋಂ" ಪದದ ಉದ್ದ 3 ಕೂಡಿಸಿ, 2 ಅಂತ ಲೆಕ್ಕ ಹಿಡಿದು, ಲಕ್ಷ್ಮಮ್ಮನ ಹೆಸರಿನ ಮೊದಲೆರಡು ಅಕ್ಷರ ಹಾರಿಸಿ, ಒತ್ತಕ್ಷರದ ನಡುವಿನಿಂದ ಕತ್ತರಿಸಲು ಶುರು ಮಾಡುತ್ತದೆ. ತಲೆ ಇಲ್ಲದ ಹೆಸರು ಬರುತ್ತದೆ. ಯೂನಿಕೋಡ್‌ನಲ್ಲೇ ಇದಕ್ಕೆ ಮದ್ದಿದೆ. ಹುಡುಕುವ ಮುಂಚೆ ಎಲ್ಲವನ್ನೂ ಒಂದೇ ಬಗೆಗೆ ತರುವ ಆ ಕೆಲಸಕ್ಕೆ ನಾರ್ಮಲೈಜ್ ಅನ್ನುತ್ತಾರೆ. ಒಂದು ಸಾಲು ಬರೆದರೆ ಮುಗಿಯಿತು. ಹಳೇ ನುಡಿ ಫಾಂಟಿನ ಕಡತಗಳದ್ದು ಇನ್ನೊಂದು ಗೋಳು. ಅವುಗಳ ಒಳಗೆ ಕನ್ನಡವೇ ಇರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ವೇಷ ಹಾಕಿರುತ್ತದೆ.

ಇನ್ನು ಊರೂರಿನ ಬಳಕೆ. ರಾಯಚೂರು, ಕಲಬುರಗಿ ಕಡೆ "ಬಸಪ್ಪ ತಂದೆ ಶಿವಪ್ಪ" ಅಂತ ಬರೆಯುತ್ತಾರೆ, ಹೆಂಗಸರಿಗೆ "ಗಂಡ" ಅಂತ. ಅಲ್ಲಿ ಹೋಗಿ ಬಿನ್, ಕೋಂ ಹುಡುಕಿದರೆ ಏನು ಸಿಗುತ್ತದೆ? ರಾಬಿನ್ ಅನ್ನುವವನ ಕಥೆಯಂತೂ ನಗು ತರಿಸುತ್ತದೆ. "ರಾಬಿನ್ ಬಿನ್ ಥಾಮಸ್" ಅನ್ನುವ ಸಾಲಿನಲ್ಲಿ ಮೊದಲ ಬಿನ್ ಇರುವುದು ಅವನ ಹೆಸರಿನೊಳಗೇ. ಹೆಸರು "ರಾ", ತಂದೆ "ಬಿನ್ ಥಾಮಸ್". ನಗಬಹುದು. ರೇಷನ್ ನಿಂತ ದಿನ ಅವನಿಗೆ ನಗು ಬರಲಿಕ್ಕಿಲ್ಲ.

ಜಂಟಿ ಖಾತೆಯದು ಮತ್ತೊಂದು ಪಜೀತಿ. ಒಂದೇ ಸಾಲಿನಲ್ಲಿ ಲಕ್ಷ್ಮಮ್ಮ ಕೋಂ ರಾಮಯ್ಯ, ಅವರ ಸರ್ವೆ ನಂಬರ್, ಆಮೇಲೆ ಕೆಂಪಮ್ಮ ಕೋಂ ಬೋರಯ್ಯ, ಅವರ ಸರ್ವೆ ನಂಬರ್ ಇದೆ ಅನ್ನಿ. ಹುಡುಕಾಟದ ಸೂತ್ರದಲ್ಲಿ .* ಅಂತ ಬರೆದರೆ ಅದು ಹೊಟ್ಟೆಬಾಕ. ಮೊದಲ ಕೋಂನಿಂದ ಹಿಡಿದು ಕಟ್ಟಕಡೆಯ ಸರ್ವೆಯವರೆಗೆ ನುಂಗುತ್ತದೆ. ರಾಮಯ್ಯ, ಅವನ ಜಮೀನು, ಕೆಂಪಮ್ಮ, ಬೋರಯ್ಯ ಎಲ್ಲರೂ ಸೇರಿ ಒಬ್ಬನೇ ಗಂಡ! .*? ಅಂತ ಒಂದು ಪ್ರಶ್ನೆ ಚಿಹ್ನೆ ಜಾಸ್ತಿ ಬರೆದಿದ್ದರೆ ಮೊದಲ ಸರ್ವೆಗೇ ನಿಲ್ಲುತ್ತಿತ್ತು.

ನಮ್ಮ ತಾಲ್ಲೂಕಿನ ಒಂದು ಸಂಘದ ಫಲಾನುಭವಿ ಪಟ್ಟಿ ಹೋದ ವರ್ಷ ನನ್ನ ಕೈಗೆ ಬಂದಿತ್ತು. ಹೆಸರು ಬೇಡ. ಒಂದು ಪುಟದಲ್ಲಿ ಸಾಲಾಗಿ ಹನ್ನೊಂದು ಜನರ ಹಿಸ್ಸಾ ನಂಬರ್ ಒಂದೇ ಅಂಕಿಯದು, ಅದರ ಹಿಂದಿನ ಪುಟದಲ್ಲಿ ಎಲ್ಲ ಎರಡಂಕಿಯವು. ಆ ಹನ್ನೊಂದರಲ್ಲಿ ನಾಲ್ವರ ಪಹಣಿ ತರಿಸಿ ನೋಡಿದೆ. ನಾಲ್ಕರಲ್ಲೂ ಕೊನೆಯ ಅಂಕಿ ಮಾತ್ರ ಮಾಯ. ಅವರಲ್ಲೊಬ್ಬ ಅಜ್ಜಿ ಮೂರು ಸಲ ಅಲೆದು, ಬೇರೆಯವರ ಜಮೀನು ತೋರಿಸಿದ್ದೀಯ ಅನ್ನುವ ಮಾತೂ ಕೇಳಿಸಿಕೊಂಡಿದ್ದರು. ಪಟ್ಟಿ ಮಾಡಿದ ಹುಡುಗನನ್ನು ಕೇಳಿದೆ. "ಸಾರ್, ಡಾಟಾನೇ ಹಂಗಿದೆ, ನಾನೇನ್ ಮಾಡ್ಲಿ?" ಅಂದ.

ಡಾಟಾನೇ ಹಂಗಿದೆ. ಸ್ಮಾರ್ಟ್‌ಫೋನ್ ಕಾಲದ ಹಣೆಬರಹ ಇದೇ ಮಾತು. ಒಪ್ಪಿದೆನಪ್ಪ, ಡಾಟಾ ಹಂಗೇ ಇದೆ. ಒಬ್ಬೊಬ್ಬ ಗ್ರಾಮ ಲೆಕ್ಕಿಗರು ಒಂದೊಂದು ರೀತಿ ಬರೆದಿದ್ದಾರೆ, ಒಬ್ಬರು ಚುಕ್ಕಿ ಇಟ್ಟಿದ್ದಾರೆ, ಒಬ್ಬರು ಇಟ್ಟಿಲ್ಲ. ಹಂಗಿದೆ ಅಂತ ಗೊತ್ತಿದ್ದ ಮೇಲೆ ತಾನೇ ಗುರುತು ಸಿಕ್ಕಿತೋ ಇಲ್ಲವೋ ಅಂತ ನೋಡಬೇಕಾದದ್ದು? ಫೈಂಡ್ ಬದಲು ಇಂಡೆಕ್ಸ್ ಬಳಸಿದರೆ ಪೈಥಾನ್ ತಾನಾಗೇ ನಿಂತು ತಪ್ಪು ಅಂತ ಕೂಗುತ್ತದೆ. ಪಾರ್ಟಿಷನ್ ಅಂತ ಇನ್ನೊಂದಿದೆ. ಸಾಲನ್ನು ಗುರುತಿನ ಹಿಂದಿನದು, ಗುರುತು, ಮುಂದಿನದು ಅಂತ ಮೂರು ಪಾಲು ಮಾಡುತ್ತದೆ, ನಡುವಿನ ಪಾಲು ಖಾಲಿ ಇದ್ದರೆ ಗುರುತು ಇರಲಿಲ್ಲ ಅಂತ ಅರ್ಥ. ಎಕ್ಸೆಲ್ ಕೂಡ ಗುರುತು ಸಿಗದಿದ್ದರೆ ಆ ಮನೆಯಲ್ಲಿ ತಪ್ಪಿನ ಚಿಹ್ನೆ ತೋರಿಸುತ್ತದೆ. ನಮ್ಮವರು ಅದು ಕಣ್ಣಿಗೆ ಚುಚ್ಚುತ್ತದೆ, ಮೇಲಿನವರು ಬೈಯುತ್ತಾರೆ ಅಂತ ಇಫ್‌ಎರರ್ ಹಾಕಿ ಆ ಮನೆಯನ್ನು ಖಾಲಿ ಮಾಡಿ ಕಳಿಸುತ್ತಾರೆ. ಯಂತ್ರ ನಿಜ ಹೇಳಿದರೂ ಬಾಯಿ ಮುಚ್ಚಿಸುವುದು!

"ನೂರಕ್ಕೆ ಒಂದು ತಪ್ಪಾಗುತ್ತೆ, ಅಷ್ಟಕ್ಕೆ ಯಾಕಿಷ್ಟು ರಂಪ?" ಅನ್ನುವವರೂ ಇದ್ದಾರೆ. ಭೂಮಿ ಯೋಜನೆಯಲ್ಲಿ ಮೊದಲು ಕಂಪ್ಯೂಟರ್‌ಗೆ ಏರಿದ ಪಹಣಿಗಳೇ ಸುಮಾರು 2 ಕೋಟಿ. ಭೂಮಿಯಲ್ಲಿ ಹೀಗೆ ಕತ್ತರಿಸುತ್ತಾರೆ ಅಂತ ನಾನು ಹೇಳುತ್ತಿಲ್ಲ, ಅಳತೆ ತಿಳಿಯಲಿ ಅಂತ ಹೇಳಿದೆ. ಅಷ್ಟು ದಾಖಲೆಗಳ ಮೇಲೆ ಯಾರಾದರೂ ಇಂಥ ಕತ್ತರಿ ಆಡಿಸಿ ನೂರಕ್ಕೆ ಒಂದು ಕೆಟ್ಟರೆ 2 ಲಕ್ಷ ಪಹಣಿ. ಪಿಎಂ ಕಿಸಾನ್ ಹಣ ವರ್ಷಕ್ಕೆ 6000, ಮೂರು ಕಂತಿನಲ್ಲಿ 2000 ಬರುತ್ತದೆ. ಒಂದು ಕಂತು ತಪ್ಪಿದರೆ ಒಂದು ಮನೆಯ ಗೊಬ್ಬರದ ಲೆಕ್ಕ ತಪ್ಪುತ್ತದೆ. ನೂರಕ್ಕೆ ಒಂದು ಅನ್ನುವವರು ಆ ಒಂದು ಮನೆಯಲ್ಲಿ ಕೂತು ಈ ಮಾತು ಹೇಳಲಿ.

ಮತ್ತೆ, ವಾಕ್ಯದಿಂದ ಹೆಸರು ಕತ್ತರಿಸುವ ಈ ದರಿದ್ರ ಕೆಲಸ ಯಾಕೆ ಬರುತ್ತದೆ? ಹೆಸರು ಒಂದು ಕಾಲಂ, ಗಂಡ ಅಥವಾ ತಂದೆ ಒಂದು ಕಾಲಂ, ಸರ್ವೆ ಒಂದು ಕಾಲಂ ಅಂತ ಒಬ್ಬ ಅಧಿಕಾರಿಯ ಹತ್ತಿರ ಇರುವುದನ್ನು ಪಿಡಿಎಫ್ ಮಾಡಿ ಇನ್ನೊಬ್ಬರಿಗೆ ಕಳಿಸುತ್ತಾರೆ. ಅವರು ಅದನ್ನು ಮತ್ತೆ ಚೂರು ಮಾಡುತ್ತಾರೆ. ಹಿಟ್ಟನ್ನು ಮುದ್ದೆ ಮಾಡಿ ಕೊಟ್ಟು, ಮುದ್ದೆಯಿಂದ ಹಿಟ್ಟು ತೆಗಿ ಅನ್ನುವುದು. ಸರ್ಕಾರದ ಮಾಹಿತಿಯನ್ನು ಯಂತ್ರ ಓದುವ ರೂಪದಲ್ಲಿ ಹಂಚಬೇಕು ಅಂತ ಕೇಂದ್ರ ಸರ್ಕಾರ 2012ರಲ್ಲೇ ನೀತಿ ಮಾಡಿದೆ. ತಾಲ್ಲೂಕು ಮಟ್ಟದಲ್ಲಿ ಇಂದಿಗೂ ಪಿಡಿಎಫ್, ಅದೂ ಕೆಲವು ಸಲ ಓರೆಯಾಗಿ ಸ್ಕ್ಯಾನ್ ಮಾಡಿದ್ದು.

ಪ್ರೋಗ್ರಾಂ ಬರೆಯುವ ನಮ್ಮೂರ ಹುಡುಗರೇ, ಹುಡುಗಿಯರೇ, ನಿಮ್ಮಲ್ಲಿ ಕೆಲವರು ಇದನ್ನು ಓದುತ್ತೀರಿ ಅಂತ ಗೊತ್ತು. ಗುರುತು ಸಿಗದ ಸಾಲುಗಳನ್ನು ಬೇರೆ ಪಟ್ಟಿಗೆ ಹಾಕಿ, ಮನುಷ್ಯರು ನೋಡಲಿ. ಕತ್ತರಿಸಿದ ತುಂಡಿನ ಪಕ್ಕದಲ್ಲಿ ಮೂಲ ಸಾಲನ್ನೂ ಇಟ್ಟಿರಿ, ಬಿಸಾಡಬೇಡಿ.

ಕೌಂಟರ್ ಮುಂದೆ ನಿಲ್ಲುವವರೇ, ಮುಂದಿನ ಸಲ "ಮ್ಯಾಚ್ ಆಗ್ತಿಲ್ಲ" ಅಂದರೆ ಅಫಿಡವಿಟ್‌ಗೆ ಓಡುವ ಮುಂಚೆ ಒಂದು ಮಾತು ಕೇಳಿ: "ಸಾರ್, ಸ್ಕ್ರೀನ್ ಮೇಲೆ ನನ್ನ ಹೆಸರು ಹೆಂಗೆ ಬಂದಿದೆ, ಸ್ವಲ್ಪ ತೋರಿಸಿ." ಫೋನಿನಲ್ಲಿ ಓದುವಷ್ಟು ಬರುವ ಮಗನೋ ಮಗಳೋ ಜೊತೆಗಿರಲಿ. ಕೊನೆಯ ಅಕ್ಷರ ಇಲ್ಲದಿದ್ದರೆ, ಮೊದಲಕ್ಷರ ಹಾರಿದ್ದರೆ, ನಿಮ್ಮ ಹೆಸರಿಗೆ ಪಕ್ಕದ ಮನೆಯವರ ಹೆಸರು ಅಂಟಿಕೊಂಡಿದ್ದರೆ, ಅದನ್ನು ಬರೆದುಕೊಂಡು ಪಹಣಿ ಪ್ರತಿ ಸೇರಿಸಿ ತಿದ್ದುಪಡಿ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ತೋರಿಸುವುದಿಲ್ಲ ಅಂದರೆ, ಸರ್ಕಾರಿ ಕಚೇರಿಯಾದರೆ, 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಅದೇ ರೂಪದಲ್ಲಿ ಕೇಳುವ ಹಕ್ಕೂ ಅದರಲ್ಲಿ ಸೇರಿದೆ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.